ಅಪ್ಪನ ಹಾರ್ಮೋನಿಯಂ ಮಾರುವುದಾದರೆ ಎಷ್ಟಕ್ಕೆ ಮಾರಬೇಕು?

ಪ್ರಶ್ನೆ: ನಮ್ಮ ತಂದೆಯವರು 1984ರಲ್ಲಿ ಸೊಲ್ಲಾಪುರದಿಂದ ತಂದ ಹಾರ್ಮೋನಿಯಂ ಮನೆಯಲ್ಲಿದೆ. ಎರಡು ಸಾಲು ರೀಡಿನ ಪೆಟ್ಟಿಗೆ. ಅವರು ತೀರಿಕೊಂಡು ಎಂಟು ವರ್ಷವಾಯಿತು, ಅಂದಿನಿಂದ ಯಾರೂ ನುಡಿಸಿಲ್ಲ. ಕಲಬುರಗಿಯ ಒಂದು ಅಂಗಡಿಯಲ್ಲಿ ಎರಡೂವರೆ ಸಾವಿರಕ್ಕೆ ಕೇಳಿದರು. ಹಳೆಯ ವಾದ್ಯ, ಲಕ್ಷಕ್ಕೆ ಹೋಗುತ್ತದೆ ಎಂದು ನಮ್ಮ ಬೀಗರು ಹೇಳುತ್ತಾರೆ. ಯಾರ ಮಾತನ್ನು ನಂಬಬೇಕು?
(ಅಫಜಲಪುರ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಅಂಗಡಿಯವರು ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೇ ಎಂಬುದನ್ನು ನೀವು ಬರೆದಿಲ್ಲ. ನಿಮ್ಮ ಬೀಗರಂತೂ ನೋಡಿರಲಾರರು. ಹಾರ್ಮೋನಿಯಂನ ಬೆಲೆ ಇರುವುದು ಅದರ ಒಳಗೆ, ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಕೂರಿಸಿದ ಹಲಗೆಯ ಮೇಲೆ. ಅದನ್ನು ನೋಡದೆ ಹೇಳಿದ ಬೆಲೆ, ಹೆಚ್ಚಿನದಾದರೂ ಕಡಿಮೆಯದಾದರೂ, ಊಹೆಯೇ.

ವಾದ್ಯ ಹಳೆಯದಾದಷ್ಟೂ ಬೆಲೆ ಏರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾರ್ಮೋನಿಯಂನ ಚರಿತ್ರೆಯನ್ನು ನೋಡಿದರೆ ಆ ನಂಬಿಕೆ ಇಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದು ತಿಳಿಯುತ್ತದೆ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಂ ಎಂಬವರು ಪೇಟೆಂಟ್ ಪಡೆದ, ಕಾಲಿನಿಂದ ತಿದಿ ಒತ್ತುವ ಈ ವಾದ್ಯ ಭಾರತಕ್ಕೆ ಬಂದ ಮೇಲೆ, ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿ ಒತ್ತಿ ನುಡಿಸುವ ಪೆಟ್ಟಿಗೆಯಾಗಿ ಮಾರ್ಪಡಿಸಿದರು. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹೇರಿತ್ತಾದರೂ, ಭಜನೆ, ಪುರಾಣ, ತತ್ವಪದ, ಕಂಪನಿ ನಾಟಕ ಯಾವುದೂ ಅದನ್ನು ಕೈಬಿಡಲಿಲ್ಲ, ತಯಾರಿಕೆಯೂ ನಿಲ್ಲಲಿಲ್ಲ. ಹೀಗಾಗಿ ನಮ್ಮ ಭಾಗದಲ್ಲಿ ಮಠ, ಹನುಮಾನ ಗುಡಿ, ಭಜನಾ ಮಂಡಳಿ ಎಲ್ಲಿಗೆ ಹೋದರೂ ಒಂದು ಹಳೆಯ ಪೆಟ್ಟಿಗೆ ಸಿಗುತ್ತದೆ. 1984ರ ಪೆಟ್ಟಿಗೆ ಅಪರೂಪದ ವಸ್ತುವಾಗುವುದಿಲ್ಲ.

ಆದರೆ ನಲವತ್ತು ವರ್ಷವಾಗಿದೆ ಎಂಬುದನ್ನೇ ದೋಷವೆಂದು ತೋರಿಸಿ ಬೆಲೆ ಇಳಿಸುವುದೂ ಸರಿಯಲ್ಲ. ಪಿಯಾನೊದ ವಿಷಯದಲ್ಲಿ ಆ ಮಾತಿಗೆ ಆಧಾರವಿದೆ: ಅದರಲ್ಲಿ ಇನ್ನೂರಕ್ಕೂ ಹೆಚ್ಚು ತಂತಿಗಳು ಹಗಲಿರುಳೂ ಟನ್ನುಗಟ್ಟಲೆ ಬಿಗಿತದಲ್ಲಿರುತ್ತವೆ, ಬಿಗಿಯುವ ಗೂಟಗಳು ವರ್ಷ ಕಳೆದಂತೆ ಮರದಲ್ಲಿ ಸಡಿಲವಾಗುತ್ತವೆ, ಎಷ್ಟೋ ಸಲ ದುರಸ್ತಿಯ ಖರ್ಚು ವಾದ್ಯದ ಬೆಲೆಯನ್ನೇ ಮೀರುತ್ತದೆ. ಹಾರ್ಮೋನಿಯಂನಲ್ಲಿ ಅಂತಹ ಬಿಗಿತವಿಲ್ಲ. ಹಿತ್ತಾಳೆಯ ಒಂದು ತೆಳು ನಾಲಿಗೆ, ಒಂದು ತುದಿಯಲ್ಲಿ ರಿವೆಟ್ ಹಾಕಿಸಿಕೊಂಡು, ಗಾಳಿ ಬಂದಾಗ ಮಾತ್ರ ಅಲುಗುತ್ತದೆ. ಎಂಟು ವರ್ಷ ಸುಮ್ಮನಿದ್ದ ಮಾತ್ರಕ್ಕೆ ಒಳ್ಳೆಯ ರೀಡು ಕೆಡುವುದಿಲ್ಲ. ಹಳತಾಗುವುದು ತಿದಿಯ ಚರ್ಮ, ಮನೆಗಳ (ಬೆರಳಿನಿಂದ ಒತ್ತುವ ಕರಿ ಬಿಳಿ ಪಟ್ಟಿಗಳ) ಕೆಳಗಿನ ಬಟ್ಟೆ, ಸ್ಪ್ರಿಂಗು ಮತ್ತು ಕಟ್ಟಿಗೆಯ ಬೆಸುಗೆ, ಇವೆಲ್ಲವನ್ನೂ ಬದಲಿಸಬಹುದು.

ಆದ್ದರಿಂದ ಮೊದಲು ರೀಡುಗಳನ್ನೇ ಪರೀಕ್ಷಿಸಬೇಕು. ಮೂರೂವರೆ ಸಪ್ತಕದ ಪೆಟ್ಟಿಗೆಯಲ್ಲಿ 42 ಮನೆಗಳಿರುತ್ತವೆ. ಖರ್ಜ (ತಗ್ಗಿನ ಸ್ವರದ ಸಾಲು) ಮತ್ತು ನರ (ಅದಕ್ಕಿಂತ ಮೇಲಿನ ಸ್ವರದ ಸಾಲು) ಎಂದು ಕರೆಯುವ ಎರಡು ಸಾಲು ಸೇರಿದರೆ 84 ರೀಡುಗಳಾದವು. ಒಂದು ಸಲಕ್ಕೆ ಒಂದೇ ಸಾಲನ್ನು ತೆರೆದು, ಕರಿ ಬಿಳಿ ಯಾವ ಮನೆಯನ್ನೂ ಬಿಡದೆ ನಿಧಾನವಾಗಿ ಒತ್ತಿ, ಯಾವುದು ತಡವಾಗಿ ಏಳುತ್ತದೆ, ಯಾವುದು ಗರಗರ ಎನ್ನುತ್ತದೆ, ಯಾವುದು ಮೂಕವಾಗಿದೆ ಎಂದು ಬರೆದುಕೊಳ್ಳಿ. ಆಮೇಲೆ ಎರಡೂ ಸಾಲು ತೆರೆದು ಒತ್ತಿ. ಸ್ವರ ಅಲೆ ಅಲೆಯಾಗಿ ನಡುಗಿದರೆ ಎರಡರ ಶ್ರುತಿ ಕೂಡಿಲ್ಲವೆಂದು ಅರ್ಥ. ಶ್ರುತಿ ತಪ್ಪಿರುವುದು ದೊಡ್ಡ ದೋಷವಲ್ಲ. ಅದನ್ನು ಹಿಂದೆ ಹೇಗೆ ಸರಿಪಡಿಸಿದ್ದಾರೆ ಎಂಬುದು ದೊಡ್ಡ ವಿಷಯ. ರೀಡಿನ ನಾಲಿಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಪ್ರತಿ ಸಲವೂ ಸ್ವಲ್ಪ ಲೋಹ ಹೋಗಿಬಿಡುತ್ತದೆ ಮತ್ತು ಅದು ಮರಳಿ ಬರುವುದಿಲ್ಲ. ಒರಟು ಅರದಿಂದ ಮತ್ತೆ ಮತ್ತೆ ಕೆರೆಸಿಕೊಂಡ ರೀಡು ತೆಳುವಾಗಿ, ಬುಡದಲ್ಲಿ ಸೀಳು ಬಿಟ್ಟು, ಒಂದು ದಿನ ಇದ್ದಕ್ಕಿದ್ದಂತೆ ಸ್ವರ ಇಳಿಸಿ ಮುರಿಯುತ್ತದೆ. ಮನೆಗಳಿರುವ ಹಲಗೆಯನ್ನು ಎತ್ತಿ ತಿರುಗಿಸಿದರೆ ಅಡಿಯಲ್ಲಿ ರೀಡುಗಳ ಸಾಲು ಕಾಣುತ್ತದೆ. ಅಲ್ಲಿ ಆಳವಾದ ಗೀರುಗಳಿಲ್ಲದೆ, ಎಲ್ಲವೂ ಒಂದೇ ಬಣ್ಣಕ್ಕೆ ಮಾಗಿದ್ದರೆ, ನಿಮ್ಮ ಕೈಯಲ್ಲಿ ಒಳ್ಳೆಯ ಪೆಟ್ಟಿಗೆ ಇದೆ. ನಡುನಡುವೆ ಹೊಳೆಯುವ ಹೊಸ ರೀಡುಗಳಿದ್ದರೆ ಮುರಿದವನ್ನು ಬದಲಿಸಿದ್ದಾರೆ. ನಮ್ಮ ದೇಶದ ರೀಡುಗಳಲ್ಲಿ ಗುಜರಾತಿನ ಪಾಲಿಟಾಣಾದವು ಹೆಸರಾದವು. ಹಿಂದೆ ಜರ್ಮನಿಯಿಂದ, ಪ್ಯಾರಿಸ್ಸಿನಿಂದ ಬಂದ ರೀಡುಗಳಿರುವ ಪೆಟ್ಟಿಗೆಯನ್ನು ಬಲ್ಲವರು ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಹಾಗಿದ್ದರೆ ಮಾತ್ರ ನಿಮ್ಮ ಬೀಗರ ಮಾತಿಗೆ ಸ್ವಲ್ಪ ಆಧಾರ ಸಿಕ್ಕೀತು.

ಮೂಕವಾದ ಮನೆಯನ್ನು ಕಂಡ ಕೂಡಲೇ ರೀಡು ಹೋಯಿತೆಂದು ಒಪ್ಪಿಕೊಳ್ಳಬೇಡಿ. ಚಿತ್ತಾಪುರ ಕಡೆಯ ಒಂದು ಮನೆಯಲ್ಲಿ ತೊಗರಿ ಚೀಲಗಳ ಪಕ್ಕದಲ್ಲಿ ವರ್ಷಗಟ್ಟಲೆ ಇಟ್ಟಿದ್ದ ಪೆಟ್ಟಿಗೆಯನ್ನು ನಾನು ಬಿಚ್ಚಿದ್ದೆ. ಮಧ್ಯ ಸಪ್ತಕದ ಒಂದು ಮನೆ ಸ್ವರವನ್ನೇ ಹೊರಡಿಸುತ್ತಿರಲಿಲ್ಲ. ಅದೊಂದೇ ಕಾರಣಕ್ಕೆ ಕೊಳ್ಳಲು ಬಂದವರು ಬೆಲೆಯನ್ನು ಅರ್ಧಕ್ಕೆ ಇಳಿಸಿದ್ದರು. ಹಲಗೆ ತಿರುಗಿಸಿ ಬೆಳಕಿಗೆ ಹಿಡಿದಾಗ, ನಾಲಿಗೆಗೂ ಅದರ ಚೌಕಟ್ಟಿಗೂ ನಡುವಿನ ಕೂದಲೆಳೆಯ ಸಂದಿನಲ್ಲಿ ತೊಗರಿಯ ಹೊಟ್ಟಿನ ಒಂದು ಚೂರು ಸಿಕ್ಕಿಕೊಂಡಿತ್ತು. ತೆಳು ಕಾಗದವನ್ನು ಆ ಸಂದಿನಲ್ಲಿ ತೂರಿಸಿ ಮೆಲ್ಲಗೆ ಎಳೆದೆ, ಚೂರು ಉದುರಿತು. ಹಲಗೆ ಕೂರಿಸಿ ತಿದಿ ಒತ್ತಿದಾಗ ಆ ಮನೆಯ ಸ್ವರ ಉಳಿದೆಲ್ಲಕ್ಕಿಂತ ಸ್ವಚ್ಛವಾಗಿ ಕೇಳಿಸಿತು, ಏಕೆಂದರೆ ಆ ರೀಡು ಅಷ್ಟು ವರ್ಷ ದುಡಿದೇ ಇರಲಿಲ್ಲ. ಆದರೆ ಅದೇ ಪೆಟ್ಟಿಗೆಯ ತಿದಿಯ ಮೂಲೆಯ ಚರ್ಮವನ್ನು ಇಲಿ ಕಡಿದಿತ್ತು. ಅದಕ್ಕೆ ದುಡ್ಡು ಖರ್ಚಾಗಲೇಬೇಕಾಯಿತು.

ತಿದಿಯ ಪರೀಕ್ಷೆ ಸುಲಭ. ಮುಂದಿನ ಗುಂಡಿಗಳನ್ನೆಲ್ಲ ಒಳಗೆ ತಳ್ಳಿ ಗಾಳಿಯ ದಾರಿ ಮುಚ್ಚಿ, ತಿದಿಯನ್ನು ಒತ್ತುತ್ತ ಹೋಗಿ. ಕೆಲವೇ ಒತ್ತುಗಳಲ್ಲಿ ಅದು ಕೈಗೆ ಗಟ್ಟಿಯಾಗಿ ಎದುರು ನಿಲ್ಲಬೇಕು. ಸುಸ್ ಎಂದು ಕುಸಿದರೆ ಗಾಳಿ ಸೋರುತ್ತಿದೆ. ನಮ್ಮ ಕಲಬುರಗಿ, ಯಾದಗಿರಿ ಸೀಮೆಯ ಬೇಸಿಗೆಯಲ್ಲಿ, ಅಂದರೆ 42 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ, ಕಟ್ಟಿಗೆ ಒಣಗಿ ಕುಗ್ಗಿ ಬೆಸುಗೆ ಬಿಡುತ್ತದೆ, ಮನೆಗಳು ಖಟಖಟ ಎನ್ನುತ್ತವೆ; ಮಳೆಗಾಲದಲ್ಲಿ ಅದೇ ಕಟ್ಟಿಗೆ ಉಬ್ಬಿ ಮನೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೇಸಿಗೆಯ ಈ ಸದ್ದನ್ನು ತೋರಿಸಿ ಪೆಟ್ಟಿಗೆಯೇ ಕೆಟ್ಟಿದೆ ಎನ್ನುವವರ ಮಾತಿಗೆ ಬಗ್ಗಬೇಕಿಲ್ಲ. ಹಲಗೆಯೇ ಉದ್ದಕ್ಕೆ ಸೀಳಿದ್ದರೆ ಅಥವಾ ಗೆದ್ದಲು ಹತ್ತಿದ್ದರೆ ಅದು ಬೇರೆ ಮಾತು. ಆಗ ರೀಡುಗಳಿಗಷ್ಟೇ ಬೆಲೆ.

ಇನ್ನು ಲೆಕ್ಕ. ನಿಮ್ಮ ಪೆಟ್ಟಿಗೆಯಷ್ಟೇ ಮನೆ, ಅಷ್ಟೇ ಸಾಲು, ಅದೇ ದರ್ಜೆಯ ಕಟ್ಟಿಗೆಯಿರುವ ಹೊಸ ಪೆಟ್ಟಿಗೆಗೆ ಇಂದು ಎಷ್ಟಿದೆ ಎಂದು ಎರಡು ಮೂರು ಕಡೆ ವಿಚಾರಿಸಿ. 18,000 ರೂಪಾಯಿ ಎಂದುಕೊಳ್ಳೋಣ. ಈ ಅಂಕಿಗಳನ್ನು ಲೆಕ್ಕದ ದಾರಿ ತೋರಿಸಲೆಂದೇ ಇಟ್ಟುಕೊಂಡಿದ್ದೇನೆ. ಚೆನ್ನಾಗಿ ನುಡಿಯುವ ಹಳೆಯದಕ್ಕೆ ಅದರ ಅರ್ಧ, 9,000ದಿಂದ ಮಾತು ಆರಂಭಿಸುವುದು ಇಬ್ಬರಿಗೂ ನ್ಯಾಯವೆಂದು ನನ್ನ ಅಭಿಪ್ರಾಯ. ಚರ್ಮ ಬದಲಿಸಿ ಶ್ರುತಿ ಕೂಡಿಸಲು 3,000 ಬೇಕೆಂದು ಕೆಲಸಗಾರರು ಹೇಳಿದರೆ ಉಳಿಯುವುದು 6,000. ನೇರವಾಗಿ ಹಾಡುವವರಿಗೆ ಮಾರಿದರೆ ನಿಮಗೆ ಸಿಗಬೇಕಾದದ್ದು ಅದು. ಅಂಗಡಿಯವರು ತಮ್ಮ ಬಂಡವಾಳ ಹೂಡಿ, 84 ರೀಡುಗಳ ಶ್ರುತಿ ಕೂಡಿಸಿ, ಗಿರಾಕಿ ಬರುವವರೆಗೆ ಕಾಯಬೇಕಾದ್ದರಿಂದ 4,000ದ ಆಸುಪಾಸು ಕೇಳಿದರೆ ಅದನ್ನು ಮೋಸವೆನ್ನಲಾಗದು. ನಿಮಗೆ ಹೇಳಿದ ಎರಡೂವರೆ ಸಾವಿರ ಈ ಲೆಕ್ಕದಲ್ಲಿ ಕಡಿಮೆ. ಆದರೆ ರೀಡು ಸವೆದಿದ್ದರೆ ಅದೂ ಹೆಚ್ಚೇ ಆದೀತು.

ಮಾರುವ ಮುನ್ನ ವಾರ್ನಿಶ್ ಬಳಿಸಬೇಡಿ, ಊರಿನ ಬಡಿಗರಿಂದ ರೀಡು ಮುಟ್ಟಿಸಬೇಡಿ, ಶ್ರುತಿಯನ್ನೂ ಕೂಡಿಸಬೇಡಿ. ಕೊಳ್ಳುವವರು ತಮ್ಮ ನಂಬಿಕೆಯ ಕೆಲಸಗಾರರಿಂದಲೇ ಅದನ್ನು ಮಾಡಿಸಿಕೊಳ್ಳಲು ಇಷ್ಟಪಡುತ್ತಾರೆ. ಒಣ ಬಟ್ಟೆಯಿಂದ ಧೂಳು ಒರೆಸಿ, ತಿದಿ ಸೋರುತ್ತಿದ್ದರೆ ಅದೊಂದನ್ನು ಸರಿಪಡಿಸಿ, ಅಷ್ಟು ಸಾಕು. ಮಠಗಳಲ್ಲಿ ಪುರಾಣ, ಗುಡಿಗಳಲ್ಲಿ ಭಜನೆ ನಡೆಯುವ ಶ್ರಾವಣಕ್ಕೆ ಒಂದು ತಿಂಗಳ ಮೊದಲು ಮಂಡಳಿಗಳವರು ಪೆಟ್ಟಿಗೆ ಹುಡುಕುತ್ತಾರೆ. ನಿಮ್ಮ ತಂದೆಯವರ ಜೊತೆ ಹಾಡಿದವರಿಗೇ ಮೊದಲು ತಿಳಿಸಿ. ಅವರಿಗೆ ಆ ಪೆಟ್ಟಿಗೆಯ ಸ್ವರ ಗೊತ್ತು, ಅದನ್ನು ಎಷ್ಟು ಸಲ ಕೆರೆಸಿದ್ದಾರೆ ಎಂಬುದೂ ಅವರ ನೆನಪಿನಲ್ಲಿರಬಹುದು. ಅವರ ಪೈಕಿ ಒಬ್ಬರನ್ನು ಕೂರಿಸಿಕೊಂಡೇ ಹಲಗೆ ಎತ್ತಿಸಿ, ರೀಡುಗಳ ಸಾಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಗೆ ಮತ್ತೆ ಹೋಗುವುದಾದರೆ ಆ ಫೋಟೊ ತೋರಿಸಿಯೇ ಬೆಲೆ ಕೇಳಿ.