ಪದ ಪರಿಚಯ: ಮೀನುಗಾರರ ‘ಸ್ಥಳೀಯ ಜ್ಞಾನ’ ಅಂದ್ರೇನು?

ಹವಾಮಾನ ಬದಲಾವಣೆ ಮಾತು ಬಂದಲ್ಲೆಲ್ಲಾ ಈಗ ‘ಸ್ಥಳೀಯ ಜ್ಞಾನ’ ಅನ್ನೂ ಪದ ಕೇಳಾಕ ಸಿಗತೈತಿ. ಒಂದು ಊರಿನ ನೀರು, ಮಳಿ, ಮೀನು ಇವನ್ನ ತಲಿಮಾರಿನಿಂದ ನೋಡ್ಕೋತ ದುಡ್ಕೋತ ಬಂದವ್ರ ಹತ್ರ ಇರೂ ತಿಳುವಳಿಕಿ ಅದು. ಬಾಳ ಮಂದಿ ಇದನ್ನ ಅಜ್ಜಾರ ಕಾಲಕ್ಕ ಮುಗದ ವಿದ್ಯಾ ಅಂತಾರ, ನನಗ ಅದು ಒಪ್ಪಿಗಿಲ್ಲ, ಯಾಕಂದ್ರ ದಿನಾ ನೀರಿಗಿಳಿಯೋರು ಅದನ್ನ ತಿದ್ಕೋತನ ಇರಬೇಕಾಗತೈತಿ, ಇಲ್ಲಂದ್ರ ಹೊಟ್ಟಿ ನಡ್ಯೂದಿಲ್ಲ.

ನಮ್ಮ ಹಾವೇರಿ ಕಡೀದ ತಗೋರಿ. ತುಂಗಭದ್ರಾ, ವರದಾ ದಂಡಿ ಮ್ಯಾಲ ಹರಿಗೋಲು, ಬಲಿ ನಂಬಿದ ಅಂಬಿಗರ, ಗಂಗಾಮತದವ್ರ ಮನಿಗೋಳು ಅದಾವ (12ನೇ ಶತಮಾನದ ಅಂಬಿಗರ ಚೌಡಯ್ಯನ ಹೆಸರಿನ ಚೌಡಯ್ಯದಾನಪುರ ತುಂಗಭದ್ರಾ ದಂಡಿಗೈತಿ). ಇಲ್ಲೆ ಲೆಕ್ಕ ನಡ್ಯೂದು ಮಳಿ ನಕ್ಷತ್ರದ ಮ್ಯಾಲ. ಜೂನ್ 7-8ಕ್ಕ ಮಿರಗ (ಮೃಗಶಿರಾ ಮಳಿ) ಕೂಡತೈತಿ, ಹೊಸ ಕೆಂಪು ನೀರು ಬಂತಂದ್ರ ಮೀನು ತತ್ತಿ ಇಡಾಕ ಸೆಳವಿಗೆ ಎದುರ ಹತ್ತತಾವ. ಈಗ ಮಿರಗ ಒಣಾ ಹೋಗಿ, ಆಮ್ಯಾಲ ಒಮ್ಮೆಲೆ ಸುರದ್ರ ಆ ತಾರೀಖು ಹಿಡ್ಕೊಂಡು ಏನ್ ಮಾಡೂದು? ತಾರೀಖು ಬಿಟ್ಟು ನೀರಿನ ಬಣ್ಣ, ಸೆಳವು, ಸಿಕ್ಕ ಮೀನಿನ ಹೊಟ್ಯಾಗ ತತ್ತಿ ಐತೋ ಇಲ್ಲೋ ಇವನ್ನ ನೋಡಬೇಕು. ಹವಾಮಾನ ಬದಲಾವಣೆಗೆ ಹೊಂದಾಣಿಕಿ ಅನ್ನೂದು ಇದಕ್ಕನ.

ಕೆರಿ ಮೀನಿಂದು ಬ್ಯಾರೆ ಕಥಿ. ನೀರು ಕಾದಷ್ಟೂ ಅದರಾಗ ಆಕ್ಸಿಜನ್ ಕಡಿಮಿ ಉಳಿಯೂದು, 20 ಡಿಗ್ರಿ ಇದ್ದಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯೂ ನೀರು 30 ಡಿಗ್ರಿಗೆ ಏಳೂವರಿ ಮಿಲಿಗ್ರಾಂ ಅಷ್ಟ ಹಿಡೀತೈತಿ. ರಾತ್ರಿ ಪಾಚಿ, ಗಿಡ ಆಕ್ಸಿಜನ್ ಮಾಡೂದಿಲ್ಲ, ಹಂಗಾಗಿ ನಸುಕಿನ್ಯಾಗ ಪೂರಾ ತಳಾ ಹಿಡೀತೈತಿ, ಮೋಡದ ದಿನಾ ಇನ್ನೂ ಕೆಟ್ಟ. ಮೀಟರ್ ಇಲ್ದನ ಮೀನುಗಾರರು ಇದನ್ನ ಓದ್ತಾರ: ಮೀನು ಮ್ಯಾಲ ಬಂದು ಬಾಯಿ ತಗ್ಯಾಕತ್ತಾವ ಅಂದ್ರ ತಡಾ ಮಾಡಬಾರ್ದು, ದೊಡ್ಡವನ್ನ ಹಿಡದು ಕೆರಿ ಹಗರ ಮಾಡಬೇಕು. ಕಾಟ್ಲಾ, ರೋಹು ತಡ್ಕೊಳ್ಳೂದಿಲ್ಲ, ಮುರ್ರೆಲ್, ಚೇಳು ಮೀನು ಮ್ಯಾಲಿನ ಗಾಳೀನೂ ಉಸಿರಾಡ್ತಾವ, ಅದಕ್ಕ ಬದಕ್ತಾವ. ಬ್ಯಾಸಗ್ಯಾಗ ನೀರು ನಿಲ್ಲೂ ಆಳದ ಮಡುವಿಗೆ ಬಲಿ ಹಾಕ್ಲಿಲ್ಲಂದ್ರ ಮುಂದಿನ ಮಳಿಗೆ ತತ್ತಿ ಇಡೂ ಮೀನು ಉಳೀತಾವ.

ಆದ್ರ ಈ ಜ್ಞಾನಕ್ಕೂ ಮಿತಿ ಐತಿ, ಅದನ್ನೂ ಹೇಳಬೇಕು. ನಮ್ಮಲ್ಲಿ ಆಕಾಶ ಸ್ವಚ್ಛ ಇದ್ರೂ ಮಲೆನಾಡಿನ್ಯಾಗ ಮಳಿ ಜೋರಾಗಿ ತುಂಗಾ ಹೊಳಿಯ ಗಾಜನೂರು ಡ್ಯಾಮಿನ ಗೇಟ್ ತಗದ್ರ ಹೊಳಿ ಏರತೈತಿ, ಅದನ್ನ ಮೋಡ ನೋಡಿ ಹೇಳಾಕ ಆಗೂದಿಲ್ಲ, ಗೇಟಿನ ಸುದ್ದಿ ಫೋನಿನ್ಯಾಗ ಟೈಮಿಗೆ ಬರಬೇಕು. 2019ರ ಆಗಸ್ಟಿನ್ಯಾಗ ನೆರಿ, 2023ರಾಗ ಬರ, ನಾಕ ವರ್ಷದಾಗ ಎರಡೂ ಕಂಡ ಜಿಲ್ಲಾ ಇದು.

ವಿಶ್ವಸಂಸ್ಥೆಯ ಎಫ್‌ಎಒ (ಆಹಾರ ಮತ್ತು ಕೃಷಿ ಸಂಸ್ಥೆ) 2014ರಾಗ ಸಣ್ಣ ಮೀನುಗಾರಿಕಿಗೆ ಅಂತನ ಮಾರ್ಗಸೂಚಿ ತಂತು, ಹವಾಮಾನದ ಯೋಜನಾ ಮಾಡೂವಾಗ ಮೀನುಗಾರರನ್ನ ಕೇಳ್ರಿ ಅಂತ ಅದರಾಗ ಐತಿ. ನಮ್ಮ ಕಡೆ ಇದು ಕೆರಿ ಗುತ್ತಿಗೀಗೂ ಹತ್ತಬೇಕು ಅನ್ನೂದು ನನ್ನ ಮಾತು. ಕೆರಿ ಹೊರಗಿನವರ ಕೈಗೆ ಹೋದ್ರ, ಯಾವ ಮಡುವು ಬಿಡಬೇಕು ಅಂತ ಗೊತ್ತಿದ್ದವ್ರು ದಂಡಿ ಮ್ಯಾಲ ನಿಂತು ನೋಡೂದಷ್ಟ ಆಗತೈತಿ.