ಸೆನ್ಸರ್ ಬದಲಿಸುವ ಮುಂಚೆ ಕಪ್ಲರ್ ಬಿಚ್ಚಿ ನೋಡಿ

ಮೇ ತಿಂಗಳ ಕಲಬುರಗಿಯಲ್ಲಿ ಕಾರಿನ ರೇಡಿಯೇಟರ್ ಫ್ಯಾನ್ ನಿಲ್ಲದೆ ತಿರುಗಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹೊರಗೇ 42 ಡಿಗ್ರಿ ಇರುವಾಗ ತಿರುಗದೆ ಇನ್ನೇನು ಎಂದುಕೊಂಡು ಓಡಿಸುತ್ತಾರೆ. ಎಂಜಿನ್ ತಂಪಿಡುವ ದ್ರವ, ಅಂದರೆ ಕೂಲಂಟ್, ಎಷ್ಟು ಬಿಸಿ ಇದೆ ಎಂದು ಅಳೆಯುವ ಟೆಂಪರೇಚರ್ ಸೆನ್ಸರ್ ಕೆಟ್ಟದ್ದು ನಮ್ಮ ಭಾಗದಲ್ಲಿ ತಿಂಗಳುಗಟ್ಟಲೆ ಗೊತ್ತಾಗದಿರುವುದು ಹೀಗೆಯೇ. ಬೇಸಿಗೆಯ ಮುಂಜಾನೆ ತಣ್ಣಗಿನ ಎಂಜಿನ್ ಅಂದರೂ 30 ಡಿಗ್ರಿ ಇರುತ್ತದೆ; 'ಎಂಜಿನ್ ಬಿಸಿ ಇದೆ' ಎಂದು ಸೆನ್ಸರ್ ಸುಳ್ಳು ಹೇಳಿದರೂ ಗಾಡಿ ಹೇಗೋ ಸ್ಟಾರ್ಟ್ ಆಗುತ್ತದೆ. ಡಿಸೆಂಬರಿನಲ್ಲಿ ಬೀದರಿನ ಕಡೆ ಚಳಿ ಬಿದ್ದಾಗ ಅದೇ ಗಾಡಿಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುತ್ತದೆ. ಆಗ ಬೈಗುಳ ತಿನ್ನುವುದು ಬ್ಯಾಟರಿ.

ಈ ಸೆನ್ಸರ್ ಒಂದು ಸಣ್ಣ ರೆಸಿಸ್ಟರ್, ಅಷ್ಟೇ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಇಳಿಯುತ್ತದೆ. ಬಾಷ್ ಮಾದರಿಯದಾದರೆ 20 ಡಿಗ್ರಿಗೆ ಸುಮಾರು 2,500 ಓಮ್, 40ಕ್ಕೆ 1,175, 80ಕ್ಕೆ 323, 100ಕ್ಕೆ 186. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರ್ ಹತ್ತಿರ ಎಷ್ಟು ವೋಲ್ಟ್ ಉಳಿಯಿತು ಎಂದು ಓದಿ, ಅದನ್ನು ಡಿಗ್ರಿಗೆ ತಿರುಗಿಸಿಕೊಳ್ಳುತ್ತದೆ. ಎಷ್ಟು ಪೆಟ್ರೋಲ್ ಬಿಡಬೇಕು, ಫ್ಯಾನ್ ಯಾವಾಗ ಹಾಕಬೇಕು, ಎಸಿ ಯಾವಾಗ ಕಡಿಯಬೇಕು, ಎಲ್ಲಕ್ಕೂ ಇದೇ ಲೆಕ್ಕ.

ಸುಳ್ಳು ಎರಡು ಬಗೆ. ಎಂಜಿನ್ ಇರುವುದಕ್ಕಿಂತ ತಣ್ಣಗಿದೆ ಎಂದು ತೋರಿಸಿದರೆ ಇಸಿಯು ಹೆಚ್ಚು ಪೆಟ್ರೋಲ್ ಬಿಡುತ್ತದೆ: ಮೈಲೇಜ್ ಬೀಳುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ, ಪ್ಲಗ್ ಮೇಲೆ ಮಸಿ. ಅದಕ್ಕಿಂತ ಅಪಾಯದ ಮಾತೆಂದರೆ ಫ್ಯಾನ್ ತಡವಾಗಿ ಬರುತ್ತದೆ, ಬೇಸಿಗೆಯಲ್ಲಿ ಹೆಡ್ ಗ್ಯಾಸ್ಕೆಟ್ಟಿಗೇ ಕುತ್ತು. ಬಿಸಿ ಎಂದು ತೋರಿಸಿದರೆ ಮುಂಜಾನೆ ಸ್ಟಾರ್ಟ್ ತ್ರಾಸು, ಫ್ಯಾನ್ ಸದಾ ಚಾಲೂ, ಎಸಿ ತಾನೇ ಬಂದ್. ವೈರ್ ಪೂರ್ತಿ ಕಡಿದರೆ ಹೆಚ್ಚಿನ ಕಾರುಗಳಲ್ಲಿ ಇಸಿಯು ಅದನ್ನು ಗುರುತಿಸಿ, ಎಂಜಿನ್ ಉಳಿಸಲು ಫ್ಯಾನನ್ನು ನಿರಂತರ ಓಡಿಸುತ್ತದೆ.

'ಸೆನ್ಸರ್ ಹೋಗ್ಯಾದ, ಹಾಕ್ಸಿಬಿಡ್ರಿ' ಎಂಬ ಮಾತಿಗೆ ಹೂಂ ಅನ್ನುವ ಮುಂಚೆ ಅರ್ಧ ಗಂಟೆ ಕೊಡಿ. ರಾತ್ರಿಯಿಡೀ ನೆರಳಲ್ಲಿ ನಿಂತ ಗಾಡಿಗೆ ಮುಂಜಾನೆ ಸ್ಟಾರ್ಟ್ ಮಾಡದೆ, ಇಗ್ನಿಷನ್ ಮಾತ್ರ ಹಾಕಿ, ಇಸಿಯು ಓದುತ್ತಿರುವುದನ್ನು ತೋರಿಸುವ ಸ್ಕ್ಯಾನರಿನಲ್ಲಿ ಕೂಲಂಟ್ ತಾಪ ಮತ್ತು ಒಳಹೋಗುವ ಗಾಳಿಯ ತಾಪ ಎರಡನ್ನೂ ನೋಡಿ. ಎರಡೂ ಹೊರಗಿನ ಹವೆಗೆ ಹತ್ತಿರ ಇರಬೇಕು, ನಾಲ್ಕೈದು ಡಿಗ್ರಿ ಆಚೀಚೆ ಪರವಾಗಿಲ್ಲ. ಗಾಳಿ 28 ಇದ್ದು ಕೂಲಂಟ್ 55 ತೋರಿಸಿದರೆ ಕಳ್ಳ ಸಿಕ್ಕಂತೆಯೇ. ಇಂಥ ಅರೆಬರೆ ಸುಳ್ಳಿಗೆ ಎಷ್ಟೋ ಸಲ ಚೆಕ್ ಲೈಟ್ ಹತ್ತುವುದೇ ಇಲ್ಲ. ಸ್ಕ್ಯಾನರ್ ತೋರಿಸುವ ದೋಷದ ಕೋಡುಗಳಾದ ಪಿ0117 ಮತ್ತು ಪಿ0118 ಬರುವುದು ಸರ್ಕಿಟ್ಟಿನ ವೋಲ್ಟೇಜ್ ಮಿತಿ ಮೀರಿ ಕೆಳಗೆ ಅಥವಾ ಮೇಲೆ ಹೋದಾಗ. ಕೋಡ್ ಸರ್ಕಿಟ್ಟನ್ನು ಬೊಟ್ಟು ಮಾಡುತ್ತದೆ, ಸೆನ್ಸರನ್ನಲ್ಲ.

ಮುಂದಿನದು ಕಪ್ಲರ್, ಅಂದರೆ ಸೆನ್ಸರಿಗೆ ವೈರ್ ಕೂಡಿಸುವ ಪ್ಲಗ್, ಅದರ ಪರೀಕ್ಷೆ. ಎಂಜಿನ್ ಬಂದ್, ಇಗ್ನಿಷನ್ ಆನ್. ಫ್ಯಾನ್ ತಟ್ಟನೆ ತಿರುಗೀತು, ಕೈ ದೂರ ಇರಲಿ. ಕಪ್ಲರ್ ಬಿಚ್ಚಿದರೆ ಸ್ಕ್ಯಾನರಿನಲ್ಲಿ ಮೈನಸ್ 40ರ ಸುಮಾರು ಬರಬೇಕು. ಎರಡು ಪಿನ್ನಿನ ಸೆನ್ಸರ್ ಆದರೆ, ವೈರಿಂಗ್ ಬದಿಯ ಎರಡೂ ಟರ್ಮಿನಲ್ ನಡುವೆ ತೆಳು ವೈರ್ ಮುಟ್ಟಿಸಿ. ರೀಡಿಂಗ್ 130ರ ಆಚೆ ಜಿಗಿಯಬೇಕು. ಎರಡೂ ಆದರೆ ವೈರಿಂಗ್, ಇಸಿಯು ಸರಿ ಇವೆ, ತಪ್ಪು ಸೆನ್ಸರಿನದು. ಮುಟ್ಟಿಸಿದರೂ ಮೈನಸ್ 40ರಲ್ಲೇ ನಿಂತರೆ ವೈರ್ ಎಲ್ಲೋ ಕಡಿದಿದೆ. ನಿಂತ ಗಾಡಿಯ ಬಾನೆಟ್ ಒಳಗೆ ಇಲಿಗಳು ಸಂಸಾರ ಹೂಡುವ ಊರಲ್ಲಿ ಇದು ಅಪರೂಪವೇನಲ್ಲ. ಬಿಚ್ಚಿದ ಮೇಲೂ ರೀಡಿಂಗ್ ಕೆಳಗಿಳಿಯದಿದ್ದರೆ ವೈರ್ ಶಾರ್ಟ್ ಆಗಿದೆ. ಬ್ಯಾಟರಿಯ 12 ವೋಲ್ಟ್ ಮಾತ್ರ ಈ ಪಿನ್ನುಗಳಿಗೆ ಅಪ್ಪಿತಪ್ಪಿಯೂ ತಾಗಿಸಬೇಡಿ, ಇಸಿಯು ಸುಟ್ಟೀತು.

ಸ್ಕ್ಯಾನರ್ ಇಲ್ಲದಿದ್ದರೆ ಮಲ್ಟಿಮೀಟರ್ ಸಾಕು. ಬಿಚ್ಚಿದ ಸೆನ್ಸರಿನ ತುದಿಯನ್ನು ಮಾತ್ರ ನೀರಲ್ಲಿ ಇಳಿಬಿಟ್ಟು, ಪಿನ್ ಒದ್ದೆಯಾಗದಂತೆ ನೋಡಿಕೊಂಡು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಓಮ್ ಎಲ್ಲೂ ಜಿಗಿಯದೆ ಒಂದೇ ಸಮನೆ ಇಳಿಯಬೇಕು. 60ರ ಹತ್ತಿರ ಒಮ್ಮೆಲೇ ಸರ್ಕಿಟ್ ಕಡಿದು ಮತ್ತೆ ಕೂಡಿದರೆ ಒಳಗೆ ಬಿರುಕಿದೆ ಎಂದರ್ಥ. ಅಂದಹಾಗೆ ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದು 98.5 ಡಿಗ್ರಿಯ ಆಸುಪಾಸು. 186ರ ಬದಲು 195 ಓಮ್ ಬಂತೆಂದು ಒಳ್ಳೆಯ ಸೆನ್ಸರ್ ಎಸೆಯಬೇಡಿ.

ಈಗ ನಮ್ಮ ಭಾಗದ ಎರಡು ರೋಗ. ಒಂದು, ಬಿಸಿಲಿಗೆ ಹೆದರಿ ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ ತೆಗೆದುಹಾಕುವುದು. ಆಗ ಹುಮನಾಬಾದ್ ರಸ್ತೆಯಲ್ಲಿ ಓಡುವಾಗ ಕೂಲಂಟ್ 60-65ಕ್ಕೆ ಇಳಿಯುತ್ತದೆ, ಸೂಪರ್ ಮಾರ್ಕೆಟ್ ಜಾಮಿನಲ್ಲಿ ನಿಂತರೆ ಏರುತ್ತದೆ, ಕೂಲಂಟ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಕೋಡ್ ಬರುತ್ತದೆ. ಇಲ್ಲಿ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಅದನ್ನು ಮೂರು ಸಲ ಬದಲಿಸಿದರೂ ಕೋಡ್ ಹೋಗದು. ಎರಡು, ಬೋರಿನ ಗಡಸು ನೀರು. ಅದರ ಸುಣ್ಣ ಸೆನ್ಸರಿನ ತುದಿಗೆ ಪದರವಾಗಿ ಕೂತು ರೀಡಿಂಗ್ ತಡವಾಗುತ್ತದೆ. ಕೂಲಂಟ್ ಕಡಿಮೆಯಾಗಿ ತುದಿ ಆವಿಯಲ್ಲಿ ನಿಂತರಂತೂ ಎಂಜಿನ್ ಕುದಿಯುತ್ತಿದ್ದರೂ ಕಡಿಮೆ ತೋರಿಸಬಹುದು. ಮೊದಲು ಲೆವೆಲ್ ನೋಡಿ, ಆಮೇಲೆ ಮೀಟರ್ ಹಿಡಿಯಿರಿ.

ಸೆನ್ಸರೇ ಹೋಗಿದ್ದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಹೊಸ ವಾಷರ್ ಅಥವಾ ಓರಿಂಗ್ ಹಾಕಿ. ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುವ, ಒಂದೇ ವೈರಿನ ಹಳೆಯ ಸೆನ್ಸರಿನ ಥ್ರೆಡ್ಡಿಗೆ ಟೇಪ್ ಸುತ್ತಬೇಡಿ, ಅದಕ್ಕೆ ಅರ್ತ್ ಸಿಗುವುದು ಥ್ರೆಡ್ಡಿನಿಂದಲೇ. ಹೌಸಿಂಗ್ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಇರುವುದರಿಂದ ಸ್ಪ್ಯಾನರಿಗೆ ಜೋತುಬೀಳದೆ ಮ್ಯಾನುವಲ್ ಹೇಳಿದಷ್ಟೇ ಬಿಗಿ ಮಾಡಿ. ಕೂಲಂಟ್ ತುಂಬಿಸಿ ಗಾಳಿ ತೆಗೆದು, ಕೋಡ್ ಅಳಿಸಿ, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಎಂಜಿನ್ ಓಡಿಸಿ. ಯಾರಾದರೂ ಹಿಂದೆ ಫ್ಯಾನನ್ನು ಸದಾ ತಿರುಗುವಂತೆ ನೇರ ವೈರ್ ಕೊಟ್ಟು ಡೈರೆಕ್ಟ್ ಮಾಡಿ ಬಿಟ್ಟಿದ್ದರೆ ಆ ವೈರನ್ನೂ ಈಗಲೇ ಬಿಚ್ಚಿಸಿ. ಇಲ್ಲದಿದ್ದರೆ ಹೊಸ ಸೆನ್ಸರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಫ್ಯಾನ್ ನೋಡಿ ತಿಳಿಯುವುದೇ ಇಲ್ಲ.