12 ವೋಲ್ಟಿನ ವಾಲ್ವ್: ಕಾರ್ ರೇಡಿಯೋದಿಂದ ಹೆಡ್‌ಫೋನಿಗೆ ಬಂದ ಹಾದಿ

ಮನೆಯಲ್ಲೇ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಬೇಕು ಅಂತ ಹೊರಟವರ ಕಣ್ಣಿಗೆ ಇವತ್ತು ಮೊದಲು ಬೀಳುವುದು ಒಂದು ಪುಟ್ಟ ಸರ್ಕ್ಯೂಟ್. ಒಂದು ವಾಲ್ವ್ (ಹಳೆಯ ರೇಡಿಯೋಗಳಲ್ಲಿದ್ದ ಗಾಜಿನ ನಿರ್ವಾತ ಕೊಳವೆ), ಎರಡು ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಒಂದಷ್ಟು ರೆಸಿಸ್ಟರ್, ಕೆಪಾಸಿಟರ್. ಕರೆಂಟಿಗೆ ಗೋಡೆಗೆ ಚುಚ್ಚುವ 12 ವೋಲ್ಟಿನ ಅಡಾಪ್ಟರ್ ಸಾಕು. ವಾಲ್ವ್ ಅಂದರೆ 250 ವೋಲ್ಟ್ ಬೇಕು, ಕೈ ತಗುಲಿದರೆ ಜೀವಕ್ಕೇ ಅಪಾಯ ಅಂತ ಕೇಳಿ ಬೆಳೆದವರಿಗೆ ಇದು ಆಶ್ಚರ್ಯವೇ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ವಾಲ್ವ್ ಕೆಲಸ ಮಾಡುತ್ತದಾ? ಮಾಡುತ್ತದೆ. 1950ರ ದಶಕದಲ್ಲೇ ಮಾಡಿದೆ, ಅದೂ ಲಕ್ಷಾಂತರ ಕಾರುಗಳ ಒಳಗೆ.

ಈ ಹವ್ಯಾಸದ ಚರಿತ್ರೆ ನೋಡುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಸಿಗುತ್ತದೆ. ಇಲ್ಲಿನ ಪ್ರತಿ ಒಳ್ಳೆಯ ಸರ್ಕ್ಯೂಟಿನ ಕೆಳಗೂ ಯಾರೋ ಬೇರೆ ಕೆಲಸಕ್ಕೆ ಮಾಡಿ, ಆಮೇಲೆ ಬೇಡ ಅಂತ ಬಿಟ್ಟ ಸಾಮಾನು ಇದೆ. ಆ ಸಾಮಾನು ಖಾಲಿಯಾದಾಗ ಸರ್ಕ್ಯೂಟೂ ಬದಲಾಗಿದೆ.

ಮೊದಲು ಕಾರಿನ ಕಥೆ. ವಾಲ್ವಿನ ಒಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನ್‌ಗಳು ಹೊರಡುತ್ತವೆ, ಪಾಸಿಟಿವ್ ಪ್ಲೇಟ್ ಅವನ್ನು ಎಳೆದುಕೊಳ್ಳುತ್ತದೆ, ನಡುವಿನ ಗ್ರಿಡ್ ಹರಿವನ್ನು ಹಿಡಿತದಲ್ಲಿ ಇಡುತ್ತದೆ. ಪ್ಲೇಟಿಗೆ ಜಾಸ್ತಿ ವೋಲ್ಟೇಜ್ ಇದ್ದಷ್ಟೂ ಎಳೆತ ಜಾಸ್ತಿ. ಆದರೆ ಕಾರಿನಲ್ಲಿ ಇರುವುದು ಬರೀ ಬ್ಯಾಟರಿ. ಹಾಗಾಗಿ ಹಳೆಯ ಕಾರ್ ರೇಡಿಯೋಗಳಲ್ಲಿ ವೈಬ್ರೇಟರ್ ಅನ್ನುವ ಭಾಗ ಇರುತ್ತಿತ್ತು. ಅದರೊಳಗಿನ ಲೋಹದ ನಾಲಿಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರಿ ಬ್ಯಾಟರಿಯ ಡಿಸಿಯನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು. ಅಲ್ಲಿಂದ ಇನ್ನೂರು ಚಿಲ್ಲರೆ ವೋಲ್ಟ್ ಹೊರಡುತ್ತಿತ್ತು. ಈ ವೈಬ್ರೇಟರ್ ಸದ್ದು ಮಾಡುತ್ತಿತ್ತು. ಅದರ ಕಾಂಟ್ಯಾಕ್ಟುಗಳು ಸುಟ್ಟು ಸವೆಯುತ್ತಿದ್ದವು. ರೇಡಿಯೋದಲ್ಲಿ ಪದೇ ಪದೇ ಕೆಡುತ್ತಿದ್ದ ಭಾಗಗಳಲ್ಲಿ ಅದೂ ಒಂದು.

1950ರ ದಶಕದ ನಡುವಿಗೆ ಎರಡು ಬದಲಾವಣೆ ಒಟ್ಟಿಗೆ ಬಂದವು. ಅಮೆರಿಕದ ಕಾರುಗಳು 6 ವೋಲ್ಟಿನ ಬ್ಯಾಟರಿ ಬಿಟ್ಟು 12 ವೋಲ್ಟಿಗೆ ಹೋದವು. ಸ್ಪೀಕರ್ ನಡೆಸುವಷ್ಟು ಶಕ್ತಿಯ ಜರ್ಮೇನಿಯಂ ಪವರ್ ಟ್ರಾನ್ಸಿಸ್ಟರ್‌ಗಳು ಮಾರುಕಟ್ಟೆಗೆ ಬಂದವು. ಆದರೆ ರೇಡಿಯೋ ಸಿಗ್ನಲ್ ಹಿಡಿಯುವ ಮೊದಲ ಹಂತಗಳಿಗೆ ಬೇಕಾದ ವೇಗದ ಟ್ರಾನ್ಸಿಸ್ಟರ್‌ಗಳು ಆಗ ತುಂಬಾ ದುಬಾರಿ. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೋ ಸೇರಿ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ಪ್ರಕಟಿಸಿದವು, ನಿಜ. ಅದರ ಬೆಲೆ ಸುಮಾರು 150 ಡಾಲರ್. ಸಾಮಾನ್ಯ ಕಾರಿನವರಿಗೆ ಅದು ಎಟುಕದ ಮಾತು.

ಆಗ ವಾಲ್ವ್ ಕಂಪನಿಗಳ ಎಂಜಿನಿಯರುಗಳು ನಡುವಿನ ದಾರಿ ಹಿಡಿದರು. ಪ್ಲೇಟಿಗೂ ಬ್ಯಾಟರಿಯ 12 ವೋಲ್ಟನ್ನೇ ನೇರವಾಗಿ ಕೊಟ್ಟರೆ ಸಾಕಾಗುವಂಥ ವಾಲ್ವ್‌ಗಳನ್ನು ಮಾಡಿದರು. ಸಿಗ್ನಲ್ ಹಿಡಿದು ದೊಡ್ಡದು ಮಾಡುವುದು ವಾಲ್ವ್‌ಗಳ ಪಾಲು. ಕೊನೆಯಲ್ಲಿ ಸ್ಪೀಕರ್ ತಳ್ಳುವುದು ಒಂದೇ ಒಂದು ಟ್ರಾನ್ಸಿಸ್ಟರಿನ ಪಾಲು. ವೈಬ್ರೇಟರ್ ಬೇಡ, ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಡ. ಹೈಬ್ರಿಡ್ ಅಂತ ನಾವು ಇವತ್ತು ಕರೆಯುವ ಕೆಲಸದ ಹಂಚಿಕೆ ಆಗಲೇ ಪೂರ್ತಿ ರೂಪ ತಳೆದಿತ್ತು.

12 ವೋಲ್ಟಿಗೆ ಇಳಿಸುವುದು ಸುಲಭದ ಮಾತಾಗಿರಲಿಲ್ಲ. ವಾಲ್ವಿನ ಕರೆಂಟ್ ವೋಲ್ಟೇಜಿನ ಒಂದೂವರೆ ಘಾತದ ಲೆಕ್ಕದಲ್ಲಿ ಏರಿಳಿಯುತ್ತದೆ. 250 ವೋಲ್ಟಿನಿಂದ 12ಕ್ಕೆ ಇಳಿದರೆ ವೋಲ್ಟೇಜ್ ಸುಮಾರು 21 ಪಟ್ಟು ಕಡಿಮೆಯಾಗುತ್ತದೆ, ಕರೆಂಟ್ ಮಾತ್ರ ಸುಮಾರು 95 ಪಟ್ಟು ಕುಸಿಯುತ್ತದೆ. ಇದಕ್ಕೆ ಕಾರಣ ಕ್ಯಾಥೋಡಿನ ಸುತ್ತ ಗುಂಪುಕಟ್ಟುವ ಎಲೆಕ್ಟ್ರಾನ್‌ಗಳು. ಅವೇ ಹಿಂದಿನಿಂದ ಬರುವವನ್ನು ತಡೆಯುತ್ತವೆ. ಈ ಗುಂಪನ್ನು ಕರಗಿಸಲು ಕ್ಯಾಥೋಡಿನ ಹತ್ತಿರವೇ ಪಾಸಿಟಿವ್ ಆದ ಇನ್ನೊಂದು ಗ್ರಿಡ್ ಇಡಬಹುದು ಅನ್ನುವ ವಿಚಾರ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರಿಗೆ 1913ರ ಹೊತ್ತಿಗೇ ಹೊಳೆದಿತ್ತು. ನಲವತ್ತು ವರ್ಷದ ಮೇಲೆ ಅದನ್ನೇ ಟಂಗ್-ಸೋಲ್ ಕಂಪನಿ ತನ್ನ 12ಕೆ5 ವಾಲ್ವಿಗೆ ತಂದಿತು. ಆ ಹೆಚ್ಚುವರಿ ಗ್ರಿಡ್ ಪ್ಲೇಟಿಗಿಂತ ಹಲವು ಪಟ್ಟು ಕರೆಂಟ್ ತಿನ್ನುತ್ತಿತ್ತು. ಕಾರಿನ ಬ್ಯಾಟರಿಗೆ ಅದೇನೂ ಹೊರೆಯಲ್ಲ. 12ಎಇ6ರಂಥ ಬೇರೆ ವಾಲ್ವ್‌ಗಳಲ್ಲಿ ಆ ಗ್ರಿಡ್ ಇರಲಿಲ್ಲ. ಅವನ್ನು 12 ವೋಲ್ಟಿಗೆ ಹೊಂದುವ ಹಾಗೆ ವಿನ್ಯಾಸ ಮಾಡಿದ್ದರು. ಯುರೋಪಿನಲ್ಲಿ ಬಂದ ಇಸಿಸಿ86 ಇನ್ನೂ ಮುಂದೆ ಹೋಗಿ 6.3 ವೋಲ್ಟಿನಲ್ಲೇ ಎಫ್‌ಎಂ ಸಿಗ್ನಲ್ ಹಿಡಿಯುತ್ತಿತ್ತು. ನನ್ನ ಮಟ್ಟಿಗೆ ವಾಲ್ವ್ ಯುಗದ ಅತಿ ಜಾಣ ಕೆಲಸಗಳಲ್ಲಿ ಇವೂ ಸೇರುತ್ತವೆ. ವಾಲ್ವ್ ಚರಿತ್ರೆ ಬರೆಯುವವರು ಇವನ್ನು ಒಂದು ಸಾಲಿನಲ್ಲಿ ಮುಗಿಸುವುದು ನೋಡಿದರೆ ಬೇಸರವಾಗುತ್ತದೆ.

ಇವುಗಳ ಆಯಸ್ಸು ಗಿಡ್ಡ. 1960ರ ದಶಕದ ಮೊದಲ ವರ್ಷಗಳಲ್ಲೇ ಟ್ರಾನ್ಸಿಸ್ಟರ್ ಅಗ್ಗವಾಯಿತು, ಕಾರ್ ರೇಡಿಯೋದಿಂದ ವಾಲ್ವ್ ಪೂರ್ತಿ ಹೊರಟುಹೋಯಿತು. ರಿಪೇರಿಗೆ ಅಂತ ಮಾಡಿಟ್ಟ ವಾಲ್ವ್‌ಗಳು ಡಬ್ಬಿ ಒಡೆಯದೆ ಗೋದಾಮುಗಳಲ್ಲಿ ಉಳಿದವು. ಹೈಫೈ ಮಂದಿಗೆ ಅವು ಬೇಕಾಗಿರಲಿಲ್ಲ, ಗಿಟಾರ್ ಆಂಪ್ಲಿಫೈಯರಿನವರಿಗೂ ಬೇಕಾಗಿರಲಿಲ್ಲ. ಸುಮಾರು ನಲವತ್ತು ವರ್ಷ ಸುಮ್ನೆ ಬಿದ್ದಿದ್ದವು.

ಅವನ್ನು ಮತ್ತೆ ಹೊರಗೆ ತೆಗೆದವರು ಅಮೆರಿಕದ ಎಂಜಿನಿಯರ್ ಪೀಟ್ ಮಿಲೆಟ್. 1990ರ ದಶಕದ ಕೊನೆಯಲ್ಲಿ ಹೆಡ್‌ಫೋನ್ ಹವ್ಯಾಸಿಗಳು ಸಿಗ್ನಲ್ ದೊಡ್ಡದು ಮಾಡುವ ಒಂದು ಆಪ್-ಆಂಪ್ ಚಿಪ್, 9 ವೋಲ್ಟಿನ ಬ್ಯಾಟರಿ ಇಟ್ಟುಕೊಂಡು ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಚು ಮೋಯ್ ಅವರ ಆ ಸರ್ಕ್ಯೂಟಿನಿಂದ ಎಷ್ಟೋ ಜನ ಸೋಲ್ಡರಿಂಗ್ ಕಲಿತರು. ಅದಾದ ಮೇಲೆ ಅವರಿಗೆ ವಾಲ್ವ್ ಬೇಕು ಅನ್ನಿಸಿತು, ಆದರೆ 250 ವೋಲ್ಟಿನ ಭಯ. 2000ರ ದಶಕದ ಆರಂಭದಲ್ಲಿ ಮಿಲೆಟ್ ಕೊಟ್ಟ ಸರ್ಕ್ಯೂಟ್ ಆ ಭಯ ಹೋಗಿಸಿತು. 24 ವೋಲ್ಟಿನ ಅಡಾಪ್ಟರ್, ಕಾರ್ ರೇಡಿಯೋದ 12ಎಇ6 ವಾಲ್ವ್, ಹಿಂದೆ ಕರೆಂಟ್ ಒದಗಿಸುವ ಒಂದು ಬಫರ್. 12ಎಫ್‌ಕೆ6, 12ಎಫ್‌ಎಂ6 ವಾಲ್ವ್‌ಗಳನ್ನೂ ಅದೇ ಸಾಕೆಟ್ಟಿಗೆ ಹಾಕಬಹುದಿತ್ತು.

ಹೆಡ್‌ಫೋನಿಗೆ ಈ ಹಂಚಿಕೆ ಯಾಕೆ ಇಷ್ಟು ಚೆನ್ನಾಗಿ ಒಗ್ಗುತ್ತದೆ? ಲೆಕ್ಕ ಹಾಕಿ ನೋಡಿ. 32 ಓಮ್‌ನ ಹೆಡ್‌ಫೋನಿಗೆ 1 ಮಿಲಿವ್ಯಾಟ್ ಕೊಡಲು 0.18 ವೋಲ್ಟ್ ಸಾಕು. ಹೆಚ್ಚಿನ ಹೆಡ್‌ಫೋನ್‌ಗಳು ಅಷ್ಟಕ್ಕೇ ಜೋರಾಗಿ ಕೇಳಿಸುತ್ತವೆ. ಆದರೆ ಆ 0.18 ವೋಲ್ಟಿನ ಜೊತೆ 5.6 ಮಿಲಿಆಂಪ್ ಕರೆಂಟ್ ಬೇಕು. 50 ಮಿಲಿವ್ಯಾಟಿಗೆ ಹೋದರೆ 1.3 ವೋಲ್ಟ್, 40 ಮಿಲಿಆಂಪ್. 12 ವೋಲ್ಟಿನಲ್ಲಿ ನಡೆಯುವ ಸಣ್ಣ ವಾಲ್ವ್ ಒಂದೆರಡು ವೋಲ್ಟಿನ ಏರಿಳಿತವನ್ನು ಸಲೀಸಾಗಿ ಕೊಡುತ್ತದೆ. ಕರೆಂಟ್ ಮಾತ್ರ ಒಂದು ಮಿಲಿಆಂಪಿಗಿಂತಲೂ ಕಡಿಮೆ. ವಾಲ್ವಿಗೆ ಆಗದ್ದು ಮಾಸ್‌ಫೆಟ್ಟಿಗೆ ಸುಲಭ. ತನ್ನ ಗೇಟಿಗೆ, ಅಂದರೆ ಇನ್‌ಪುಟ್ ಕಾಲಿಗೆ, ಬಂದ ವೋಲ್ಟೇಜನ್ನು ಹಾಗೇ ಅನುಸರಿಸುತ್ತಾ ಕರೆಂಟನ್ನು ತನ್ನ ಕಡೆಯಿಂದ ಸೇರಿಸುತ್ತದೆ. 1957ರ ಕಾರಿನಲ್ಲೂ ಕರೆಂಟ್ ಒದಗಿಸುವ ಕೆಲಸ ಜರ್ಮೇನಿಯಂ ಟ್ರಾನ್ಸಿಸ್ಟರಿನದೇ ಅಲ್ವಾ.

ಮಿಲೆಟ್ ಅವರ ಸರ್ಕ್ಯೂಟ್ ಜನಪ್ರಿಯ ಆದದ್ದೇ ಕಾರ್ ರೇಡಿಯೋ ವಾಲ್ವ್‌ಗಳಿಗೆ ಬೇಡಿಕೆ ಬಂತು. ಹೊಸದಾಗಿ ಯಾರೂ ಮಾಡುತ್ತಿಲ್ಲ, ಇದ್ದದ್ದು ಕರಗುತ್ತಾ ಹೋಯಿತು. 2008ರ ಹೊತ್ತಿಗೆ ಮಿಲೆಟ್ ಇನ್ನೊಂದು ವಿನ್ಯಾಸ ತಂದರು. ಹೆಸರು ಸ್ಟಾರ್ವಿಂಗ್ ಸ್ಟೂಡೆಂಟ್. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಯೂ ಕಟ್ಟಬೇಕು ಅನ್ನುವುದೇ ಉದ್ದೇಶ. ಕಂಪನಿಗಳ ಐಪಿ ಫೋನ್‌ಗಳ ಜೊತೆ ಬರುತ್ತಿದ್ದ 48 ವೋಲ್ಟಿನ ಅಡಾಪ್ಟರ್‌ಗಳು ಹಳೆ ಸಾಮಾನಿನಲ್ಲಿ ಅಗ್ಗವಾಗಿ ಸಿಗುತ್ತಿದ್ದವು. ಯಾರಿಗೂ ಬೇಡವಾದ 19ಜೆ6 ವಾಲ್ವ್ ಕೂಡ ಹಾಗೇ. ಅದು 6ಜೆ6 ವಾಲ್ವಿನ 19 ವೋಲ್ಟ್ ಹೀಟರಿನ ರೂಪ (ಹೀಟರ್ ಅಂದರೆ ಕ್ಯಾಥೋಡನ್ನು ಕಾಯಿಸುವ ತಂತಿ). 6ಜೆ6 ಅಮೆರಿಕದ ಪ್ರಿನ್ಸ್‌ಟನ್ನಿನ ಐಎಎಸ್ ಅನ್ನುವ ಆದಿಕಾಲದ ಕಂಪ್ಯೂಟರಿನಲ್ಲೂ ದುಡಿದ ವಾಲ್ವ್.

ಈ ವಿನ್ಯಾಸದ ಒಂದು ಉಪಾಯದ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮಾಸ್‌ಫೆಟ್ ಕ್ಲಾಸ್ ಎ ರೀತಿಯಲ್ಲಿ ನಡೆಯಬೇಕಾದರೆ ಅದರ ಮೂಲಕ ಯಾವಾಗಲೂ ಒಂದಿಷ್ಟು ಕರೆಂಟ್ ಹರಿಯುತ್ತಿರಬೇಕು. ಸಾಮಾನ್ಯವಾಗಿ ಆ ಕರೆಂಟ್ ಒಂದು ದಪ್ಪ ರೆಸಿಸ್ಟರ್ ಮೂಲಕ ಸರ್ಕ್ಯೂಟಿನ ಗ್ರೌಂಡಿಗೆ ಹೋಗಿ ಬರೀ ಬಿಸಿಯಾಗಿ ಕಳೆದುಹೋಗುತ್ತದೆ. ಇತ್ತ ವಾಲ್ವಿನ ಹೀಟರಿಗೆ 19 ವೋಲ್ಟಿನಲ್ಲಿ 150 ಮಿಲಿಆಂಪ್ ಬೇಕು. ಮಿಲೆಟ್ ಆ ರೆಸಿಸ್ಟರ್ ತೆಗೆದು ಅದರ ಜಾಗಕ್ಕೆ ಹೀಟರನ್ನೇ ಹಾಕಿದರು. ಮಾಸ್‌ಫೆಟ್ಟಿನಿಂದ ಹೊರಬಂದ ಕರೆಂಟೇ ವಾಲ್ವನ್ನು ಕಾಯಿಸುತ್ತದೆ. ಹಾಡಿನ ಏರಿಳಿತವೂ ಹೀಟರಿನ ಮೂಲಕ ಹಾದುಹೋಗುತ್ತದೆ, ಆದರೆ ಹೀಟರ್ ಬಿಸಿಯಾಗಲು, ಆರಲು ಸಮಯ ಹಿಡಿಯುವುದರಿಂದ ಆ ಏರಿಳಿತ ಅದಕ್ಕೆ ತಟ್ಟುವುದೇ ಇಲ್ಲ. ಒಂದು ಭಾಗವನ್ನು ಇನ್ನೊಂದು ಸಾಕುವ ಇಂಥ ಸರ್ಕ್ಯೂಟ್ ಕಾಗದದ ಮೇಲೆ ನೋಡಿದರೂ ಖುಷಿಯಾಗುತ್ತದೆ.

ಆಮೇಲೆ ಆದದ್ದು ಹಿಂದಿನದೇ ಕಥೆ. ಎಲ್ಲರೂ ಕಟ್ಟಲು ಶುರುಮಾಡಿದರು, 19ಜೆ6 ಅಂಗಡಿಗಳಿಂದ ಮಾಯವಾಯಿತು. ಇದ್ದಕ್ಕಿದ್ದಂತೆ ಬೆಲೆ ಏರಿತು. ಹವ್ಯಾಸಿಗಳು ಅದೇ ಸರ್ಕ್ಯೂಟನ್ನು ಬೇರೆ ಬೇರೆ ವಾಲ್ವ್‌ಗಳಿಗೆ ಹೊಂದಿಸಿಕೊಂಡರು.

ಅಲ್ಲಿಂದ ಎಲ್ಲರ ಕಣ್ಣು ಹೋದದ್ದು 12ಎಯು7 ಕಡೆಗೆ. ಇಸಿಸಿ82 ಅಂದರೂ ಅದೇ. ಇದು ಕಡಿಮೆ ವೋಲ್ಟೇಜಿಗೆ ಮಾಡಿದ ವಾಲ್ವ್ ಅಲ್ಲ. ಅದರ ಪುಸ್ತಕದ ಲೆಕ್ಕ ಇರುವುದು 100, 250 ವೋಲ್ಟಿಗೆ. ಆದರೂ 12 ವೋಲ್ಟಿನಲ್ಲಿ ಹೇಗೋ ನಡೆಯುತ್ತದೆ. ಒಂದೇ ಗಾಜಿನೊಳಗೆ ಎರಡು ಟ್ರಯೋಡ್ (ಕ್ಯಾಥೋಡ್, ಗ್ರಿಡ್, ಪ್ಲೇಟ್ ಮೂರೇ ಇರುವ ವಾಲ್ವ್) ಇರುವುದರಿಂದ ಎರಡೂ ಚಾನೆಲ್‌ಗೆ ಒಂದೇ ವಾಲ್ವ್ ಸಾಕು. ಹೀಟರಿಗೂ 12.6 ವೋಲ್ಟೇ ಬೇಕಾಗಿರುವುದರಿಂದ ಅದೇ ಅಡಾಪ್ಟರ್ ಎರಡೂ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಇಂದಿಗೂ ಹೊಸದಾಗಿ ತಯಾರಾಗುತ್ತಿದೆ. ಐಆರ್‌ಎಫ್510 ಮಾಸ್‌ಫೆಟ್, ಎಲ್‌ಎಂ317 ರೆಗ್ಯುಲೇಟರ್ ಜೊತೆ ಸೇರಿದ ಈ ಜೋಡಿ ಮುಂದೆ ಚೀನಾದ ಅಗ್ಗದ ಕಿಟ್‌ಗಳಿಗೂ ಮಾದರಿಯಾಯಿತು. ಅಲ್ಲಿ ಎಲ್‌ಎಂ317 ಮಾಡುವ ಕೆಲಸ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುವುದು. 5 ಓಮ್‌ನ ರೆಸಿಸ್ಟರ್ ಹಾಕಿದರೆ 250 ಮಿಲಿಆಂಪ್. ಅಂದರೆ ಪ್ರತಿ ಚಾನೆಲ್‌ಗೆ 3 ವ್ಯಾಟ್ ಬಿಸಿ. ಹಾಡು ಇರಲಿ ಇಲ್ಲದಿರಲಿ, ಅಷ್ಟು ಬಿಸಿ ಇದ್ದೇ ಇರುತ್ತದೆ. ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಸಣ್ಣದಾದರೆ ಕೈ ಇಡಲು ಆಗುವುದಿಲ್ಲ.

12 ವೋಲ್ಟ್ ಮನುಷ್ಯರಿಗೆ ಸುರಕ್ಷಿತ, ಆದರೆ ಹೆಡ್‌ಫೋನಿಗೆ ಹಾಗಲ್ಲ. ಸ್ವಿಚ್ ಹಾಕಿದಾಗ ವಾಲ್ವ್ ಇನ್ನೂ ತಣ್ಣಗಿರುತ್ತದೆ, ಕರೆಂಟ್ ಎಳೆಯುವುದಿಲ್ಲ. ಪ್ಲೇಟಿನ ವೋಲ್ಟೇಜ್ ಮೇಲಕ್ಕೇ ನಿಂತಿರುತ್ತದೆ, ಮಾಸ್‌ಫೆಟ್ಟಿನ ಔಟ್‌ಪುಟ್ಟೂ ಅದರ ಹಿಂದೆ ಏರುತ್ತದೆ. ಡಿಸಿ ತಡೆಯುವ ಕೆಪಾಸಿಟರ್ ಚಾರ್ಜ್ ಆಗುವುದು ಹೆಡ್‌ಫೋನಿನ ಮೂಲಕವೇ. ಆ 'ಧಪ್' ಸದ್ದು ಅಲ್ಲಿಂದ ಬರುವುದು. ಇಲ್ಲಿ ಕೆಪಾಸಿಟರ್ ಚಿಕ್ಕದು ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. 32 ಓಮ್‌ಗೆ 470 ಮೈಕ್ರೋಫ್ಯಾರಡ್ ಇದ್ದರೆ 10 ಹರ್ಟ್ಜ್‌ವರೆಗೂ ಬೇಸ್ ಉಳಿಯುತ್ತದೆ, ಅದಕ್ಕಿಂತ ತುಂಬಾ ಇಳಿಸಿದರೆ ಮೃದಂಗದ ಎಡಗೈ ಸಪ್ಪೆಯಾಗುತ್ತದೆ. ತಡಮಾಡಿ ಸೇರಿಸುವ ರಿಲೇ ಹಾಕುವುದು ಸರಿಯಾದ ದಾರಿ. ಅದಿಲ್ಲದಿದ್ದರೆ ಅರ್ಧ ನಿಮಿಷ ಬಿಟ್ಟು ಹೆಡ್‌ಫೋನ್ ಚುಚ್ಚಬೇಕು.

ಇನ್ನು ಸದ್ದಿನ ವಿಚಾರ. ಹೊಟ್ಟೆಗಿಲ್ಲದ, ಅಂದರೆ ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ನಡೆಸಿದ ವಾಲ್ವ್ ನಿಜವಾದ ವಾಲ್ವ್ ಸದ್ದು ಕೊಡುವುದಿಲ್ಲ ಅಂತ ಹೇಳುವವರು ಜಾಸ್ತಿ. ಅರ್ಧ ನಿಜ. 12 ವೋಲ್ಟಿನಲ್ಲಿ 12ಎಯು7 ಅಳತೆಗೆ ಸಿಗುವಷ್ಟು ವಿಕೃತಿ (ಡಿಸ್ಟಾರ್ಷನ್) ಸೇರಿಸುತ್ತದೆ, ಅದರಲ್ಲಿ ಎರಡನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಎರಡರಷ್ಟು ಆವರ್ತನದ ಸ್ವರ, ಮುಖ್ಯ. ಅದು ಕೆಲವರಿಗೆ ಇಷ್ಟ, ಕೆಲವರಿಗೆ ಇಲ್ಲ. ಗ್ರಿಡ್ ಸೊನ್ನೆ ವೋಲ್ಟಿನ ಹತ್ತಿರವೇ ಕೆಲಸ ಮಾಡಬೇಕಾಗಿರುವುದರಿಂದ ಜೋರಾದ ಇನ್‌ಪುಟ್ ಕೊಟ್ಟರೆ ಗ್ರಿಡ್ಡಿಗೆ ಕರೆಂಟ್ ಹರಿದು ಸದ್ದು ಕೆಡುತ್ತದೆ. ಇವೆಲ್ಲ ಇದರ ಮಿತಿಗಳೇ. ಅವನ್ನು ಮುಚ್ಚಿಡುವುದಕ್ಕಿಂತ ತಿಳಿದು ಕಟ್ಟುವುದು ಒಳ್ಳೆಯದು. ವಾಲ್ವಿನ ಕೆಳಗೆ ಕಿತ್ತಳೆ ಬಣ್ಣದ ಎಲ್‌ಇಡಿ ಹಚ್ಚಿ, ಅದೇ ಹೀಟರಿನ ಬೆಳಕು ಅಂತ ನಂಬಿಸಿ ಮಾರುವ ಪೆಟ್ಟಿಗೆಗಳು ಈ ಹವ್ಯಾಸಕ್ಕೆ ಕೆಟ್ಟ ಹೆಸರು ತಂದಿವೆ. ಅದು ನನಗೆ ಹಿಡಿಸುವುದಿಲ್ಲ.

ನಮ್ಮ ಬೆಂಗಳೂರಿಗೂ ವಾಲ್ವಿಗೂ ಹಳೆಯ ನಂಟಿದೆ. ಜಾಲಹಳ್ಳಿಯ ಬಿಇಎಲ್ 1960ರ ದಶಕದ ಆರಂಭದಲ್ಲಿ ಫಿಲಿಪ್ಸ್ ಸಹಯೋಗದಿಂದ ರೇಡಿಯೋ ವಾಲ್ವ್ ಮಾಡಲು ಶುರುಮಾಡಿತು. ಆದರೆ ನಮ್ಮಲ್ಲಿ ವಾಲ್ವ್ ಅಂದರೆ ಮನೆಯ ದೊಡ್ಡ ರೇಡಿಯೋ. ಬಿಇಎಲ್‌ನ ಇಎಲ್84 ಇನ್ನೂರು ಚಿಲ್ಲರೆ ವೋಲ್ಟ್ ಕೇಳುವ ಔಟ್‌ಪುಟ್ ವಾಲ್ವ್, ಈ ಕೆಲಸಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿ ಕಟ್ಟುವವರಿಗೆ ಮಾಸ್‌ಫೆಟ್, ರೆಗ್ಯುಲೇಟರ್, ಹೀಟ್‌ಸಿಂಕಿಗೆ ಎಸ್‌ಪಿ ರೋಡ್ ಇದೆ. 12ಎಯು7 ಸಾಮಾನ್ಯವಾಗಿ ಹೊರಗಿನಿಂದ ಬರುವ ಸಾಮಾನು.

ಆ ಹೊರಗು ಕೂಡ ಈಗ ಕಿರಿದಾಗಿದೆ. ಹೊಸ ಆಡಿಯೋ ವಾಲ್ವ್‌ಗಳಲ್ಲಿ ಹೆಚ್ಚಿನವು ರಷ್ಯಾದ ಸರಟೋವ್, ಸ್ಲೊವಾಕಿಯಾದ ಜೆಜೆ ಮತ್ತು ಚೀನಾದ ಕಾರ್ಖಾನೆಗಳಿಂದ ಬರುತ್ತವೆ. ಟಂಗ್-ಸೋಲ್ ಹೆಸರಿನ ವಾಲ್ವ್‌ಗಳೂ ಈಗ ಸರಟೋವ್‌ನಲ್ಲೇ ತಯಾರಾಗುತ್ತವೆ. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತು ನಿಲ್ಲಿಸಿದಾಗ ಜಗತ್ತಿನಾದ್ಯಂತ ಬೆಲೆ ಜಿಗಿಯಿತು. ಆಮೇಲೆ ರಫ್ತು ಮತ್ತೆ ಶುರುವಾಯಿತು, ಆದರೆ ಈ ಸರಬರಾಜು ಎಷ್ಟು ತೆಳ್ಳಗಿದೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು.

ಈ ಚರಿತ್ರೆಯಲ್ಲಿ ಕಡಿಮೆ ವೋಲ್ಟೇಜಿಗೆ ಅಂತಲೇ ಹೊಸದಾಗಿ ಹುಟ್ಟಿದ ವಾಲ್ವ್ ಒಂದಿದೆ. ಜಪಾನಿನ ಕಾರ್ಗ್ ಕಂಪನಿ ನೊರಿಟಾಕೆ ಇಟ್ರಾನ್ ಜೊತೆ ಸೇರಿ 2015ರಲ್ಲಿ ಪ್ರಕಟಿಸಿದ ನ್ಯೂಟ್ಯೂಬ್. ಹಳೆಯ ವಿಸಿಆರ್, ಮ್ಯೂಸಿಕ್ ಸಿಸ್ಟಂಗಳ ಮುಂದೆ ನೀಲಿ-ಹಸಿರಾಗಿ ಹೊಳೆಯುತ್ತಿದ್ದ ಡಿಸ್‌ಪ್ಲೇ ನೆನಪಿರಬಹುದು. ಅದೂ ಒಳಗೆ ಒಂದು ನಿರ್ವಾತ ಕೊಳವೆಯೇ. ಅದೇ ತಂತ್ರದಿಂದ ಎರಡು ಟ್ರಯೋಡ್ ಮಾಡಿದ್ದಾರೆ. ಎಲೆಕ್ಟ್ರಾನ್ ಕೊಡುವ ಕಾದ ತಂತಿಗೆ, ಅಂದರೆ ಪ್ರತಿ ಫಿಲಮೆಂಟಿಗೆ, 0.7 ವೋಲ್ಟ್, 17 ಮಿಲಿಆಂಪ್ ಸಾಕು. ಎರಡೂ ಸೇರಿ 24 ಮಿಲಿವ್ಯಾಟ್. 12ಎಯು7 ಹೀಟರ್ ತಿನ್ನುವುದು ಸುಮಾರು 1.9 ವ್ಯಾಟ್. ಆಯಸ್ಸು 30,000 ಗಂಟೆ ಅನ್ನುತ್ತದೆ ಕಾರ್ಗ್. ತೊಂದರೆಯೂ ಇದೆ. ತೆಳ್ಳನೆಯ ಫಿಲಮೆಂಟ್ ಅದುರುತ್ತದೆ, ಮೇಜು ತಟ್ಟಿದರೆ ಹೆಡ್‌ಫೋನಿನಲ್ಲಿ 'ಟಿಣ್' ಅಂತ ಕೇಳಿಸುತ್ತದೆ. ಸ್ಪಂಜಿನ ಮೇಲೆ ಕೂರಿಸಿಯೇ ಕಟ್ಟಬೇಕು. ಮಿಲೆಟ್ ಇದಕ್ಕೂ ಒಂದು ಹೈಬ್ರಿಡ್ ಸರ್ಕ್ಯೂಟ್ ಮಾಡಿದ್ದಾರೆ.

ಮೊದಲ ಸಲ ಕಟ್ಟುವವರು 12ಎಯು7 ಹಿಡಿದುಕೊಳ್ಳುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಒಡೆದರೂ ಇನ್ನೊಂದು ಸಿಗುತ್ತದೆ. 12 ವೋಲ್ಟಿನಲ್ಲಿ ಶುರುಮಾಡಿ, ಅದು ಸರಿಯಾಗಿ ನಡೆದ ಮೇಲೆ ಪ್ಲೇಟಿಗೆ 24 ವೋಲ್ಟ್ ಕೊಟ್ಟು ನೋಡಬಹುದು. ಆಗ ರೆಸಿಸ್ಟರ್‌ಗಳ ಲೆಕ್ಕ ಮತ್ತೆ ಹಾಕಬೇಕು, ಹೀಟರಿಗೆ ಬೇರೆಯಾಗಿ 12 ವೋಲ್ಟ್ ಕೊಡಬೇಕು, ಹೀಟ್‌ಸಿಂಕ್ ದೊಡ್ಡದು ಮಾಡಬೇಕು. ಅಷ್ಟು ಮಾಡಿದರೆ ವಿಕೃತಿ ಇಳಿಯುವುದು ಕಿವಿಗೇ ಗೊತ್ತಾಗುತ್ತದೆ.